ರಾಣಿ ಸೋಮಲೆಯ ಅಂಗಿ

ಬಹಳ ಹಿಂದೆ, ಬೆಟ್ಟಗಳು ಒಂದನ್ನೊಂದು ಒತ್ತಿಕೊಂಡು ನಿಂತಿರುವ ಕಡೆ, ಇಬ್ಬನಿಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಬೇಸಿಗೆ ಬಂದದ್ದು ಗೊತ್ತಾಗುವಷ್ಟರಲ್ಲಿ ಮುಗಿಯುತ್ತಿತ್ತು. ಉಳಿದ ಕಾಲವೆಲ್ಲ ಚಳಿ.

ಆ ಚಳಿಯಲ್ಲಿ ಜನ ಬದುಕಿದ್ದದ್ದು ಮಂಜುಗುರಿಗಳಿಂದ. ಮಂಜುಗುರಿ ಎಂದರೆ ಬೂದು ಬಣ್ಣದ, ಕೊಂಬು ಒಳಕ್ಕೆ ಸುತ್ತಿಕೊಂಡ ಒಂದು ಬಗೆಯ ಕುರಿ. ಬೇಸಿಗೆಯಲ್ಲಿ ಅವು ಕಣಿವೆಗೆ ಇಳಿದು ಬರುತ್ತಿದ್ದವು, ಉಣ್ಣೆ ಕತ್ತರಿಸುವವರೆಗೆ ತಾಳ್ಮೆಯಿಂದ ನಿಲ್ಲುತ್ತಿದ್ದವು, ಮಂಜು ಬೀಳುವ ಮೊದಲು ಕಣಿವೆಯಾಚೆಗೆ ಹೊರಟುಹೋಗುತ್ತಿದ್ದವು. ಎಲ್ಲಿಗೆ ಎಂದು ಯಾರಿಗೂ ತಿಳಿಯದು.

ಆ ಉಣ್ಣೆಯ ನೂಲಿಗೆ ಒಂದು ಗುಣವಿತ್ತು. ಅದರಿಂದ ಹೆಣೆದ ಅಂಗಿ ಮೊದಲು ಗೋಣಿಚೀಲದ ಹಾಗೆ ಇರುತ್ತಿತ್ತು. ಅದನ್ನು ತೊಟ್ಟವರು ಕುದಿಯುವ ಹಂಡೆಯ ಪಕ್ಕ ಉಗಿಯಲ್ಲಿ ನಿಲ್ಲಬೇಕು. ಹೆಣೆದವರು ಎರಡು ಕೈಯಿಂದ ನೂಲನ್ನು ಅಲ್ಲಲ್ಲಿ ಒತ್ತಿ, ಎಳೆದು, ದಾರಿ ತೋರಿಸಬೇಕು. ಆಗ ನೂಲು ತಾನೇ ಸರಿದು, ಬಿಗಿಯಾಗುವಲ್ಲಿ ಬಿಗಿಯಾಗಿ, ಅಗಲವಾಗುವಲ್ಲಿ ಅಗಲವಾಗಿ, ಆ ಒಬ್ಬರ ಮೈಗೆ ಕೂಡುತ್ತಿತ್ತು. ಗೂನು ಬೆನ್ನಿದ್ದರೆ ಗೂನಿಗೆ ಜಾಗ ಬಿಡುತ್ತಿತ್ತು. ಒಂದು ಕೈ ಇಲ್ಲದವರ ಅಂಗಿಯಲ್ಲಿ ಒಂದು ತೋಳು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಬೆಳೆಯುವ ಮಕ್ಕಳನ್ನು ವರ್ಷಕ್ಕೊಮ್ಮೆ ಉಗಿಗೆ ನಿಲ್ಲಿಸಿದರೆ ಸಾಕು, ಅಂಗಿಯೂ ಮಕ್ಕಳ ಜೊತೆಗೆ ಬೆಳೆಯುತ್ತಿತ್ತು.

ಆದರೆ ಕೈ ಇಡುವ ಮೊದಲು ಹೆಣೆಯುವವರು ಕೇಳಲೇಬೇಕು: "ನಿನಗೆ ಚಳಿ ಎಲ್ಲಿ?" ತೊಟ್ಟವರು ನಿಜ ಹೇಳಬೇಕು. ಕೆಲವರು ಮಂಡಿ ಎನ್ನುತ್ತಿದ್ದರು, ಕೆಲವರು ಕಿವಿಯ ಹಿಂದೆ ಎನ್ನುತ್ತಿದ್ದರು. ಹೇಳಿದ ಕಡೆ ನೂಲು ದಪ್ಪವಾಗುತ್ತಿತ್ತು. ಸುಳ್ಳು ಹೇಳಿದರೆ ನೂಲು ಅಲುಗುತ್ತಿರಲಿಲ್ಲ. ಚೀಲ ಚೀಲವಾಗಿಯೇ ಉಳಿಯುತ್ತಿತ್ತು.

ಯಾರಾದರೂ ಸತ್ತರೆ ಅವರ ಅಂಗಿಯನ್ನು ಮನೆಯವರೇ ಉಗಿಗೆ ಹಿಡಿಯುತ್ತಿದ್ದರು. ಒಳಗೆ ಅದರ ಒಡೆಯ ಇಲ್ಲದಿದ್ದರೆ ಉಗಿ ತಗುಲಿದ ಅಂಗಿ ಆಕಾರ ಬಿಟ್ಟು ಸಡಿಲಾಗುತ್ತಿತ್ತು. ಆಮೇಲೆ ಅದನ್ನು ಬಿಚ್ಚಿ, ನೂಲನ್ನು ಉಂಡೆ ಮಾಡಿ, ಚಳಿಯಲ್ಲಿರುವ ಇನ್ನೊಬ್ಬರಿಗೆ ಕೊಡುತ್ತಿದ್ದರು. ಇದು ಆ ನಾಡಿನ ಪದ್ಧತಿ. ಯಾರಿಗೂ ಸುಲಭವಾಗಿರಲಿಲ್ಲ. ಆದರೂ ಎಲ್ಲರೂ ಮಾಡುತ್ತಿದ್ದರು.

ಇಬ್ಬನಿಗಿರಿಯ ರಾಜ ನನ್ನಿದೇವ ಮಾಡಲಿಲ್ಲ.

ಅವನ ರಾಣಿ ಸೋಮಲೆ ಒಂದು ಜ್ವರದಲ್ಲಿ ತೀರಿಕೊಂಡಳು. ಅವರಿಗೆ ಪದುಮಿ ಎಂಬ ಸಣ್ಣ ಮಗಳಿದ್ದಳು. ರಾಣಿಯ ಅಂಗಿಯನ್ನು ಉಗಿಗೆ ಹಿಡಿಯಲು ಜನ ಹಂಡೆ ಇಟ್ಟು ಕಾದರು. ರಾಜ ಅಂಗಿಯನ್ನು ಎತ್ತಿಕೊಂಡ. ಬಲಗಡೆಗೆ ತುಸು ಇಳಿದ ಅವಳ ಭುಜ ಅದರಲ್ಲಿತ್ತು. ಮಗಳನ್ನು ಎತ್ತಿಕೊಂಡು ಎತ್ತಿಕೊಂಡು ಎಡಮೊಣಕೈಯಲ್ಲಿ ಆಗಿದ್ದ ಉಬ್ಬೂ ಅದರಲ್ಲಿತ್ತು. "ನಾಳೆ ಮಾಡೋಣ" ಎಂದ ರಾಜ. ಮರುದಿನವೂ ನಾಳೆ ಎಂದ. ಆಮೇಲೆ ಜನ ಹಂಡೆಯನ್ನು ಕೆಳಗಿಳಿಸಿದರು. ಅಂಗಿ ಅರಮನೆಯ ಗೂಟದ ಮೇಲೆ ಉಳಿಯಿತು.

ಅದೇ ಸಮಯಕ್ಕೆ ಮೊನೆಗಣ್ಣ ಎಂಬ ಮಾಂತ್ರಿಕ ಬಂದ. ಕಡ್ಡಿಯಂತಹ ಮನುಷ್ಯ, ಸೂಜಿಯಂತಹ ಕಣ್ಣು.

"ಪ್ರಭು, ಈ ಅಂಗಿಯನ್ನು ನಾನು ನಡೆಸಬಲ್ಲೆ" ಎಂದ.

"ನಡೆಸು" ಎಂದ ರಾಜ.

ಮೊನೆಗಣ್ಣ ಏನೋ ಗೊಣಗಿದ. ಅಂಗಿ ಗೂಟದಿಂದ ಇಳಿದು ನಡೆಯಿತು. ಕತ್ತಿನ ಮೇಲೆ ತಲೆಯಿರಲಿಲ್ಲ, ತೋಳಿನ ತುದಿಯಲ್ಲಿ ಕೈಯಿರಲಿಲ್ಲ. ಆದರೂ ಅದು ರಾಣಿ ನಡೆಯುವ ಹಾಗೆಯೇ ನಡೆದು, ರಾಜನ ಎಡಪಕ್ಕದ ಪೀಠದಲ್ಲಿ ಕುಳಿತಿತು. ರಾಜ ಅಂದು ಬಹಳ ದಿನಗಳ ನಂತರ ಊಟ ಮಾಡಿದ.

"ಇದು ಹೀಗೇ ನಡೆಯಬೇಕಾದರೆ ಮೂರು ವಿಷಯ ಬೇಕು" ಎಂದ ಮೊನೆಗಣ್ಣ. "ಅರಮನೆಯಲ್ಲಿ ಒಲೆ ಹೊತ್ತಬಾರದು. ರಾಣಿಯ ಮುಂದೆ ಬರುವವರು ಮರ್ಯಾದೆಗಾಗಿ ಬಾಯಿಗೆ ದಪ್ಪ ಬಟ್ಟೆ ಕಟ್ಟಿಕೊಳ್ಳಬೇಕು. ಮತ್ತೆ ದಿನಕ್ಕೊಬ್ಬರು ತಮ್ಮ ಅಂಗಿಯನ್ನು ನನಗೆ ತಂದು ಕೊಡಬೇಕು."

ರಾಜ ಒಪ್ಪಿದ. ಮೊದಲ ಅಂಗಿ ಅವನದೇ. ಆಮೇಲೆ ಮಂತ್ರಿಗಳದು, ಸೈನಿಕರದು, ಅಂಗಡಿಯವರದು. ಮೊನೆಗಣ್ಣ ಬಂದ ಅಂಗಿಗಳನ್ನೆಲ್ಲ ಒಂದರ ಮೇಲೊಂದು ತಾನೇ ತೊಟ್ಟುಕೊಂಡ. ತೊಟ್ಟಷ್ಟೂ ಅವನ ಮಂತ್ರ ಬಲವಾಯಿತು, ಮೈ ದೊಡ್ಡದಾಯಿತು. ಕೊನೆಗೆ ಬಾಗಿಲಲ್ಲಿ ಅಡ್ಡಡ್ಡಲಾಗಿ ನುಗ್ಗಬೇಕಾಯಿತು. ಊರಿನ ಜನ ಒಣಹುಲ್ಲು ಸುತ್ತಿಕೊಂಡು ಓಡಾಡತೊಡಗಿದರು.

ಆ ಚಳಿಗಾಲದಲ್ಲಿ ಪದುಮಿಗೆ ಅವಳ ಅಂಗಿ ಚಿಕ್ಕದಾಯಿತು. ಉಗಿ ಇಲ್ಲದ್ದರಿಂದ ಅದನ್ನು ಬೆಳೆಸಲು ಆಗಲಿಲ್ಲ. ತೋಳು ಮೊಣಕೈಗೆ ಬಂತು, ಅಂಚು ಹೊಕ್ಕುಳಿಗೆ ಬಂತು. ಒಂದು ದಿನ ಅದು ಬೆನ್ನಿನ ಉದ್ದಕ್ಕೂ ಹರಿದು ಎಳೆ ಎಳೆಯಾಯಿತು. ಪದುಮಿ ಹಾಸಿಗೆ ಹಿಡಿದಳು. ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ತುಟಿ ನೀಲಿಯಾಯಿತು. ವೈದ್ಯರು ಬಂದು ಕೈ ಹಿಡಿದು ನೋಡಿ, "ಮಂಜುಗುರಿಗಳು ಮರಳಿ ಬರುವವರೆಗೆ ಈ ಮಗು ತಡೆಯುವುದಿಲ್ಲ" ಎಂದರು.

ಆಗ ರಾಜ ಡಂಗುರ ಸಾರಿಸಿದ: ನನ್ನ ಮಗಳ ಮೈಗೆ ಕೂಡುವ ಬೆಚ್ಚನೆಯ ಅಂಗಿ ಮಾಡಿಕೊಟ್ಟವರಿಗೆ ಅರ್ಧ ರಾಜ್ಯ.

ಕಣಿವೆಯ ಕೊನೆಯ ಹಳ್ಳಿಯಲ್ಲಿ ಮಾಳವ್ವ ಎಂಬ ಹುಡುಗಿಯಿದ್ದಳು. ಹೆಣೆಯುವುದು ಅವಳ ಕಸುಬು. ಅವಳ ತಾಯಿ ಹಿಂದಿನ ಚಳಿಗಾಲದಲ್ಲಿ ಸತ್ತಿದ್ದಳು. ಡಂಗುರದವನು ಹೇಳಿ ಮುಗಿಸಿದಾಗ ಮಾಳವ್ವ ಹೆಣಿಗೆಯ ಕಡ್ಡಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮನೆಯಲ್ಲಿದ್ದ ಒಂದೇ ಒಂದು ನೂಲಿನುಂಡೆಯನ್ನು ಚೀಲಕ್ಕೆ ಹಾಕಿಕೊಂಡಳು. ಒಂದು ಸಣ್ಣ ತಾಮ್ರದ ಪಾತ್ರೆಯನ್ನೂ ತೆಗೆದುಕೊಂಡಳು.

ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದು, "ಅರ್ಧ ರಾಜ್ಯದ ಆಸೆಯೇನೇ ನಿನಗೆ?" ಎಂದಳು.

"ರಾಜ್ಯ ತಗೊಂಡು ಎಲ್ಲಿಡಲಿ? ಇರೋದು ಒಂದು ಮೂಲೆ, ಅದರಲ್ಲೂ ಕೋಳಿ ಮಲಗುತ್ತೆ" ಎಂದಳು ಮಾಳವ್ವ. "ಕೂಸು ನಡುಗ್ತಾ ಇದೆಯಂತೆ. ಹೆಣೆಯೋರು ಹೋಗಬೇಕಲ್ಲ."

ನಡೆಯುತ್ತಾ ಹೋಗಿ ಅವಳು ಅರಮನೆಯ ಹೊರಬಾಗಿಲು ಮುಟ್ಟಿದಳು. ಮೊನೆಗಣ್ಣ ಕೋಟೆಯ ಮೇಲಿಂದ ಬಗ್ಗಿ ನೋಡಿದ. ಅವಳ ಚೀಲದಲ್ಲಿ ನೂಲಿನುಂಡೆ ಇರುವುದನ್ನು ಅವನ ಕಣ್ಣು ಕಂಡಿತು. ಇವಳು ಒಳಗೆ ಬಂದರೂ ನೂಲು ಒಳಗೆ ಬರಬಾರದು ಎಂದುಕೊಂಡ.

"ಹೆಣೆಯುವವಳೇ, ರಾಜಕುಮಾರಿಯ ಮೈ ಮುಟ್ಟುವುದೆಂದರೆ ಸುಮ್ಮನೆಯೇ?" ಎಂದು ಕೂಗಿದ. "ಮೊದಲು ನನ್ನ ಎರಡು ಕಾವಲು ಪ್ರಾಣಿಗಳಿಗೆ ಅಂಗಿ ತೊಡಿಸಿ ತೋರಿಸು. ಆಮೇಲೆ ಮೂರನೆಯದಾಗಿ ರಾಜಕುಮಾರಿ. ಯಾವುದರಲ್ಲಿ ತಪ್ಪಿದರೂ ನಿನ್ನ ಎರಡು ಕೈಯನ್ನು ಮರದ ಕೈ ಮಾಡಿ ಕಳಿಸುತ್ತೇನೆ."

"ಆಗಲಿ" ಎಂದಳು ಮಾಳವ್ವ.

ಹೊರಬಾಗಿಲಲ್ಲಿ ಒಂದು ಕರಡಿಯಿತ್ತು. ಸಿಟ್ಟು ಬಂದರೆ ಅದು ಗುಡ್ಡದಷ್ಟು ಆಗುತ್ತಿತ್ತು. ಹೆದರಿದರೆ ಬೆಕ್ಕಿನಷ್ಟು ಆಗುತ್ತಿತ್ತು. ಅದಕ್ಕೆ ಅಳತೆ ಎಂಬುದೇ ಇರಲಿಲ್ಲ. ಮಾಳವ್ವ ಮೂರು ಕಲ್ಲಿಟ್ಟು ಬೆಂಕಿ ಹಚ್ಚಿ ಪಾತ್ರೆಯಲ್ಲಿ ಮಂಜು ಕರಗಿಸಿದಳು.

"ನಿನಗೆ ಚಳಿ ಎಲ್ಲಿ?" ಎಂದು ಕೇಳಿದಳು.

ಕರಡಿ ತಲೆ ಕೆರೆದುಕೊಂಡಿತು. "ನನ್ನನ್ನು ಯಾರೂ ಇದನ್ನು ಕೇಳಿಲ್ಲ" ಎಂದಿತು. "ದೊಡ್ಡದಾದಾಗ ಎದೆಗೆ ಗಾಳಿ ಹೊಡೆಯುತ್ತೆ. ಚಿಕ್ಕದಾದಾಗ ಹೊಟ್ಟೆ ನೆಲಕ್ಕೆ ತಾಗುತ್ತೆ. ಎರಡೂ ಕಡೆ ಚಳಿಯೇ."

ನಿಜ ಹೇಳಿತು. ಮಾಳವ್ವ ಕೂತು ಹೆಣೆದಳು. ನೇರವಾಗಿ ಹೆಣೆಯದೆ ಮಡಿಕೆ ಮಡಿಕೆಯಾಗಿ, ಬೀಸಣಿಗೆಯನ್ನು ಮುಚ್ಚಿ ಬಿಡಿಸುವಂತೆ ಹೆಣೆದಳು. ಉಂಡೆ ಮುಗಿಯುವವರೆಗೆ ಹೆಣೆದಳು. ಅಂಗಿ ತೊಡಿಸಿ, ಉಗಿಯ ಪಕ್ಕ ನಿಲ್ಲಿಸಿ, "ಈಗ ಸಿಟ್ಟು ಮಾಡ್ಕೊ" ಎಂದಳು.

"ಸುಮ್ಮನೆ ಹೇಗೆ ಬರುತ್ತೆ ಸಿಟ್ಟು?"

"ನಿನ್ನ ಮೂಗು ಸುಟ್ಟ ಬದನೆಕಾಯಿ ಇದ್ದ ಹಾಗಿದೆ. ನಿಮ್ಮಮ್ಮನಿಗೆ ಇಷ್ಟ ಆಗಿತ್ತೇನೋ, ನನಗಂತೂ ನೋಡೋಕಾಗ್ತಿಲ್ಲ."

ಕರಡಿ ಗುಡ್ಡದಷ್ಟಾಯಿತು. ಮಾಳವ್ವ ಒಂದು ಬಂಡೆ ಹತ್ತಿ ಎದೆಯ ಮೇಲೆ ನೂಲನ್ನು ಒತ್ತಿದಳು. ಮಡಿಕೆ ಬಿಚ್ಚಿಕೊಂಡು ಎದೆ ತುಂಬ ಹರಡಿತು. ಆಮೇಲೆ ಪಾತ್ರೆಯ ಮುಚ್ಚಳವನ್ನು ಕಲ್ಲಿಗೆ ಢಣ್ ಎಂದು ಬಡಿದಳು. ಕರಡಿ ಬೆಚ್ಚಿ ಬೆಕ್ಕಿನಷ್ಟಾಯಿತು. ಮಡಿಕೆಗಳು ಕೂಡಿಕೊಂಡು ಹೊಟ್ಟೆಯ ಕೆಳಗೆ ಮೆತ್ತೆಯಾದವು. ಅಂಗಿ ಎರಡು ಅಳತೆಗೂ ಕೂಡಿತು.

"ಬದನೆಕಾಯಿ ಅಂದದ್ದು ನಿಜವೇನು?" ಎಂದಿತು ಕರಡಿ, ಚಿಕ್ಕ ದನಿಯಲ್ಲಿ.

"ಇಲ್ಲ ಮಾರಾಯ. ಕೆಲಸಕ್ಕೆ ಅಂದೆ" ಎಂದಳು ಮಾಳವ್ವ. ಕರಡಿ ದಾರಿ ಬಿಟ್ಟಿತು.

ಒಳಬಾಗಿಲಲ್ಲಿ ಗಂಡಭೇರುಂಡ ಕೂತಿತ್ತು. ಒಂದು ಮೈ, ಎರಡು ತಲೆ. ಎಡತಲೆ ಬಲತಲೆಯನ್ನು ಕುಕ್ಕುತ್ತಿತ್ತು, ಬಲತಲೆ ಬೇರೆ ಕಡೆ ನೋಡುತ್ತಿತ್ತು. ಮಾಳವ್ವ ಮತ್ತೆ ಬೆಂಕಿ ಹಚ್ಚಿದಳು. ಚೀಲದಲ್ಲಿ ನೂಲಿರಲಿಲ್ಲ. ಮೈಮೇಲಿದ್ದದ್ದು ಅವಳ ಸ್ವಂತ ಅಂಗಿ ಒಂದೇ. ಅವಳು ಅದನ್ನು ತೆಗೆದು, ಉಗಿಗೆ ಹಿಡಿದು, ಬಿಚ್ಚಿದಳು. ಬರೀ ಸೀರೆಯಲ್ಲಿ ಕೂತು, ಹಲ್ಲು ಕಟಕಟ ಎನ್ನುತ್ತಿರುವಾಗಲೇ ಹೆಣೆದಳು.

"ನಿಮಗೆ ಚಳಿ ಎಲ್ಲಿ?" ಎಂದಳು.

"ಕುತ್ತಿಗೆಯಲ್ಲಿ. ಮೊದಲು ನನಗೆ ಹಾಕು, ನಾನು ಹಿರಿಯ" ಎಂದಿತು ಎಡತಲೆ.

"ಹಿರಿಯನಂತೆ! ಒಂದೇ ಮೊಟ್ಟೆ, ನೀನು ಮೊದಲು ಕುಕ್ಕಿದೆ ಅಷ್ಟೇ" ಎಂದಿತು ಬಲತಲೆ. "ನನಗೇನೂ ಚಳಿ ಇಲ್ಲ."

ಅಂಗಿ ತೊಡಿಸಿ ಉಗಿಗೆ ನಿಲ್ಲಿಸಿದರೆ, ಎಡಗಡೆಯೆಲ್ಲ ಮೈಗೆ ಕೂಡಿತು. ಬಲಗಡೆ ಚೀಲದಂತೆ ಜೋತುಬಿತ್ತು. ಮಾಳವ್ವ ಒತ್ತಿ ನೋಡಿದಳು, ಎಳೆದು ನೋಡಿದಳು. ನೂಲು ಅಲುಗಲಿಲ್ಲ. ಕೋಟೆಯ ಮೇಲೆ ಮೊನೆಗಣ್ಣ ನಕ್ಕ.

ಮಾಳವ್ವ ಬಲತಲೆಯನ್ನು ಬಯ್ಯಲಿಲ್ಲ. ನೀರು ಕಡಿಮೆಯಾಗಿತ್ತು, ಇನ್ನಷ್ಟು ಮಂಜು ತುಂಬಿ ಕಾದಳು. ಬೆಚ್ಚಗಾದ ಎಡತಲೆ ತೂಕಡಿಸಿ, ರೂಢಿಯಂತೆ ರೆಕ್ಕೆಯ ಕೆಳಗೆ ತೂರಿಕೊಂಡು ನಿದ್ದೆ ಹೋಯಿತು. ಆಗ ಬಲತಲೆ ಅವಳ ಕಿವಿಯ ಹತ್ತಿರ ಬಗ್ಗಿತು.

"ನೋಡಿದೆಯಾ? ರೆಕ್ಕೆಯ ಕೆಳಗೆ ಒಬ್ಬನಿಗೇ ಜಾಗ" ಎಂದಿತು. "ನಾನು ಹೊರಗೇ ಇರುತ್ತೇನೆ. ನೆತ್ತಿಯಲ್ಲಿ ಚಳಿ. ಅವನಿಗೆ ಹೇಳಬೇಡ. ಗೊತ್ತಾದರೆ ಜಾಗ ಬಿಡುತ್ತಾನೆ, ಆಮೇಲೆ ಅವನಿಗೆ ನೆಗಡಿಯಾಗುತ್ತೆ. ನೆಗಡಿಯಾದರೆ ಅವನ ಗೊಣಗಾಟ ಕೇಳೋರು ಯಾರು?"

ನೂಲು ಸರಸರನೆ ಮೇಲೇರಿ, ಬಲತಲೆಯ ನೆತ್ತಿಗೆ ದಪ್ಪನೆಯ ಕುಲಾವಿಯಾಗಿ ಕೂತಿತು. ಗಂಡಭೇರುಂಡ ಪಕ್ಕಕ್ಕೆ ಸರಿಯಿತು. ಮಾಳವ್ವ ಅರಮನೆಯೊಳಕ್ಕೆ ಕಾಲಿಟ್ಟಳು. ಅವಳ ಬಳಿ ಈಗ ಒಂದು ಮೊಳ ನೂಲೂ ಇರಲಿಲ್ಲ.

ಒಳಗೆ ಹೊರಗಿಗಿಂತ ಹೆಚ್ಚು ಚಳಿಯಿತ್ತು. ಕಾವಲುಗಾರರು ಬಾಯಿಗೆ ದಪ್ಪ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಅಡುಗೆಯ ತಿಮ್ಮಜ್ಜಿ ನೆನೆಸಿದ ಅಕ್ಕಿಯ ತಟ್ಟೆ ಹಿಡಿದು ಬಂದಳು. ಅವಳ ಬಾಯಿಗೂ ಬಟ್ಟೆ. ಮಾಳವ್ವನಿಗೂ ಒಂದು ಬಟ್ಟೆ ಕೊಟ್ಟು, "ಕಟ್ಕೋ ತಾಯಿ, ಇಲ್ಲಿ ಇದೇ ಮರ್ಯಾದೆ" ಎಂದಳು. "ಒಲೆ ಹಚ್ಚಿ ಯಾವ ಕಾಲವಾಯ್ತೋ. ನೆನೆಸಿದ ಅಕ್ಕಿಗೆ ಅನ್ನ ಅಂತ ಹೆಸರಿಟ್ಟು ಬಡಿಸ್ತಾ ಇದೀನಿ."

ರಾಜನ ಕೋಣೆಯಲ್ಲಿ ಮಂಚದ ಮೇಲೆ ಪದುಮಿ ಮಲಗಿದ್ದಳು. ಒಂದು ಪಕ್ಕದಲ್ಲಿ ರಾಜ ಕೂತಿದ್ದ. ಇನ್ನೊಂದು ಪಕ್ಕದ ಪೀಠದಲ್ಲಿ ಅಂಗಿ ಕೂತಿತ್ತು. ಕೋಣೆಯ ಮುಕ್ಕಾಲು ಭಾಗವನ್ನು ಮೊನೆಗಣ್ಣ ತುಂಬಿಕೊಂಡಿದ್ದ. ಮಾಳವ್ವನ ಹಿಂದೆಯೇ ತಿಮ್ಮಜ್ಜಿಯೂ ಕಾವಲುಗಾರರೂ ಬಂದು, ಬಾಗಿಲ ಬಳಿ ಮಂತ್ರಿಗಳ ಜೊತೆ ನಿಂತರು.

"ಎರಡು ಪರೀಕ್ಷೆ ಗೆದ್ದಳು, ಪ್ರಭು" ಎಂದ ಮೊನೆಗಣ್ಣ ಮೃದುವಾಗಿ. "ಇನ್ನು ಮೂರನೆಯದು. ಹೆಣೆಯಲಿ. ನೂಲು ಎಲ್ಲಿದೆಯೋ ಕೇಳಿ. ಉಗಿ ಎಲ್ಲಿಂದ ತರುತ್ತಾಳೋ ಕೇಳಿ."

ಮಾಳವ್ವ ಅವನ ಕಡೆ ನೋಡಲಿಲ್ಲ. ಮಂಚದ ಬಳಿ ಹೋಗಿ ಪದುಮಿಯ ಪಾದ ಮುಟ್ಟಿದಳು. ಕಲ್ಲಿನಂತಿತ್ತು. ಆಮೇಲೆ ಪೀಠದ ಕಡೆ ತಿರುಗಿ ಅಂಗಿಯನ್ನು ನೋಡಿದಳು. ಹೆಣಿಗೆ ಒಳ್ಳೆಯದಿತ್ತು. ಎಡಮೊಣಕೈಯ ಉಬ್ಬನ್ನೂ ನೋಡಿದಳು. ಅವಳಿಗೆ ಕೆಲಸ ಏನೆಂದು ತಿಳಿಯಿತು, ಅದು ತನ್ನ ಕೆಲಸವಲ್ಲ ಎಂದೂ ತಿಳಿಯಿತು. ಪದ್ಧತಿಯ ಪ್ರಕಾರ ಅದನ್ನು ಮನೆಯವರೇ ಮಾಡಬೇಕು.

"ಪ್ರಭು, ಈ ಕೋಣೆಯಲ್ಲಿ ನೂಲಿದೆ" ಎಂದಳು.

ರಾಜನಿಗೆ ಅರ್ಥವಾಯಿತು. "ಬೇರೆ ಏನಾದರೂ ಕೇಳು" ಎಂದ.

"ಬೇರೆ ಇಲ್ಲ. ಈತ ತೊಟ್ಟಿರೋದೆಲ್ಲ ಬೇರೆಯವರ ಅಂಗಿ, ಅವರು ಚಳಿಯಲ್ಲಿ ಕಾಯ್ತಾ ಇದಾರೆ. ಮಂಜುಗುರಿ ಬರೋಕೆ ಇನ್ನೂ ಕಾಲ ಇದೆ. ಇದೊಂದೇ ಯಾರೂ ಕಾಯದ ಅಂಗಿ."

"ನಾನು ಕಾಯುತ್ತಿದ್ದೇನೆ" ಎಂದ ರಾಜ.

ಮಾಳವ್ವ ಮಂಚದ ಬಳಿ ಕೆಳಗೆ ಕೂತಳು. ಆಮೇಲೆ ಹೇಳಿದಳು: "ನಮ್ಮವ್ವ ಹೋದ ಚಳಿಯಲ್ಲಿ ತೀರಿಕೊಂಡಳು. ಅವಳ ಅಂಗೀನ ನಾನೇ ಉಗಿಗೆ ಹಿಡಿದೆ. ಹೊಟ್ಟೆ ಹತ್ರ ಅವಳು ಕೈ ಒರೆಸಿಕೊಳ್ತಿದ್ದ ಜಾಗ ಇತ್ತು. ಅದು ಎಲ್ಲಕ್ಕಿಂತ ಕೊನೆಗೆ ಹೋಯ್ತು. ಆ ನೂಲು ಈಗ ಪಕ್ಕದ ಮನೆ ಕೂಸಿನ ಮೈಮೇಲಿದೆ. ಕೂಸು ಅದರ ಮೇಲೆ ಹಾಲು ಕಕ್ಕುತ್ತೆ."

"ನಿನಗೆ ದುಃಖವಾಗಲಿಲ್ಲವೇ?"

"ಆಯ್ತು. ಈಗಲೂ ಆಗುತ್ತೆ. ಕೂಸು ಮಾತ್ರ ಬೆಚ್ಚಗಿದೆ."

ಮೊನೆಗಣ್ಣ ನಡುವೆ ಬಾಯಿ ಹಾಕಿದ. "ಪ್ರಭು, ಇವಳ ಮಾತು ಕೇಳಿದರೆ ರಾಣಿ ಎರಡನೆಯ ಸಲ ಸಾಯುತ್ತಾಳೆ. ಈ ಸಲ ನಿಮ್ಮ ಕೈಯಿಂದ." ಅವನು ಬೆರಳಾಡಿಸಿದ. ಪೀಠದ ಮೇಲಿನ ಅಂಗಿ ತೋಳು ಚಾಚಿ ರಾಜನ ಕೈಯ ಮೇಲೆ ಇಟ್ಟಿತು. ತೋಳು ಹಗುರವಾಗಿತ್ತು, ತಣ್ಣಗಿತ್ತು.

ರಾಜ ಮಗಳ ಕಡೆ ಬಗ್ಗಿದ. "ಪದುಮಿ, ನಿನಗೆ ಅಮ್ಮ ಬೇಡವೇ?"

ಪದುಮಿ ಕಣ್ಣು ತೆರೆದಳು. "ಅದು ಅಮ್ಮ ಅಲ್ಲ ಅಪ್ಪಾಜಿ" ಎಂದಳು. "ನಾನು ಅಪ್ಪಿಕೊಂಡು ನೋಡಿದೆ. ಅಪ್ಪಿಕೊಂಡರೆ ಅದು ಒಳಕ್ಕೆ ಹೋಗುತ್ತೆ."

"ನನಗೆ ಹೇಳಲೇ ಇಲ್ಲ ನೀನು."

"ನೀವು ಊಟ ಮಾಡ್ತಾ ಇದ್ದಿರಿ."

ರಾಜ ಬಹಳ ಹೊತ್ತು ಮಗಳ ನೀಲಿ ತುಟಿಯನ್ನು ನೋಡಿದ. ಆಮೇಲೆ ಮಾಳವ್ವನನ್ನು ಕೇಳಿದ: "ಅರಮನೆಯಲ್ಲಿ ಬೆಂಕಿಯಿಲ್ಲ. ಕಟ್ಟಿಗೆಯೂ ಇಲ್ಲ. ಉಗಿ?"

ಮಾಳವ್ವ ಸುತ್ತ ನಿಂತವರ ಬಾಯಿಗೆ ಕಟ್ಟಿದ ಬಟ್ಟೆಗಳನ್ನು ನೋಡುತ್ತಿದ್ದಳು. ಮಾತಾಡಿದವರ ಬಟ್ಟೆಯ ಮೇಲೆಲ್ಲ ತೇವದ ಕಲೆಯಿತ್ತು. ಅವಳು ತನ್ನ ಬಟ್ಟೆಯನ್ನು ಕೆಳಗಿಳಿಸಿ ಒಮ್ಮೆ ಉಸಿರು ಬಿಟ್ಟಳು. ಆ ಚಳಿಯಲ್ಲಿ ಅದು ಬೆಳ್ಳಗೆ ಮೇಲೆದ್ದಿತು.

"ಮರ್ಯಾದೆಗಲ್ಲ ಪ್ರಭು ಇದನ್ನು ಕಟ್ಟಿಸಿರೋದು" ಎಂದಳು.

ಮೊನೆಗಣ್ಣನ ಮುಖ ಬದಲಾಯಿತು. ರಾಜ ತನ್ನ ಬಾಯಿಯ ಬಟ್ಟೆಯನ್ನು ಬಿಚ್ಚಿದ. ಅಂಗಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಅದರ ಕತ್ತಿನ ಅಂಚಿಗೆ ಬಾಯಿ ತಂದು, "ಸೋಮಲೆ" ಎಂದ. ಉಸಿರು ತಾಗಿದ ಕಡೆ ನೂಲು ಸಡಿಲವಾಯಿತು. ಅವನು ನಿಲ್ಲಿಸಲಿಲ್ಲ. ಬಲಭುಜಕ್ಕೆ ಉಸಿರು ಬಿಟ್ಟ, ಇಳಿದ ಭುಜ ಮಟ್ಟವಾಯಿತು. ಬೆನ್ನಿಗೆ ಬಿಟ್ಟ, ಬೆನ್ನು ಮಡಚಿಕೊಂಡು ಬಿತ್ತು.

"ನಿಲ್ಲಿಸಿ!" ಎಂದು ಮೊನೆಗಣ್ಣ ಅರಚಿ ಮುಂದಕ್ಕೆ ನುಗ್ಗಿದ. ನೆಲ ಅದುರಿತು. ಅವನ ಒಂದು ಕೈ ರಾಜನ ಕತ್ತಿನ ಕಡೆ ಚಾಚಿತು.

ತಿಮ್ಮಜ್ಜಿ ಅಕ್ಕಿಯ ತಟ್ಟೆ ಕೆಳಗಿಟ್ಟಳು. ಬಾಯಿಯ ಬಟ್ಟೆ ಕಿತ್ತಳು. "ನನ್ನ ಒಲೆ ಆರಿಸಿದವನೇ, ಬಾ ಇಲ್ಲಿ" ಎಂದು ಮೊನೆಗಣ್ಣನ ಹೊಟ್ಟೆಯ ಮೇಲೆ ಜೋರಾಗಿ ಉಸಿರು ಬಿಟ್ಟಳು. ಮೇಲಿನ ಅಂಗಿ ಯಾವನೋ ಸೈನಿಕನದು. ಅದರ ಒಡೆಯ ಒಳಗಿರಲಿಲ್ಲ. ಅದು ಸಡಿಲಾಗಿ ಮಂಡಿಗೆ ಜಾರಿ ಬಿತ್ತು. ಮೊನೆಗಣ್ಣ ಅದರಲ್ಲಿ ಕಾಲು ಸಿಕ್ಕಿಕೊಂಡು ಬೋರಲು ಬಿದ್ದ.

"ಊದ್ರೋ!" ಎಂದಳು ತಿಮ್ಮಜ್ಜಿ. "ಬಿಸಿ ಸಾರು ಕುಡಿದು ಯಾವ ಕಾಲವಾಯ್ತು, ನೆನೆಸಿಕೊಂಡು ಊದ್ರೋ!"

ಕಾವಲುಗಾರರು ಬಟ್ಟೆ ಕಿತ್ತೆಸೆದು ಸುತ್ತ ಮಂಡಿಯೂರಿ ಹಾ ಹಾ ಎಂದು ಊದಿದರು. ಮಂತ್ರಿಗಳೂ ಬಗ್ಗಿ ಊದಿದರು. ಒಂದರ ಮೇಲೊಂದು ಅಂಗಿ ಸಡಿಲಾಗಿ ಕಳಚಿತು. ಕಳಚಿದಷ್ಟೂ ಮೊನೆಗಣ್ಣ ಸಣ್ಣವನಾದ. ಬಾಯಲ್ಲಿ ಮಂತ್ರ ಹೇಳಲು ನೋಡಿದ, ಅರ್ಧಕ್ಕೆ ಮರೆತುಹೋಯಿತು. ಕೊನೆಗೆ ಬೂದು ನೂಲಿನ ರಾಶಿಯ ನಡುವೆ ಹರಕು ಪಂಚೆಯುಟ್ಟ ಒಬ್ಬ ಒಣಕಲು ಮನುಷ್ಯ ಮಂಡಿ ಅಪ್ಪಿಕೊಂಡು ಕೂತಿದ್ದ.

ಇಷ್ಟು ಗದ್ದಲದಲ್ಲೂ ರಾಜ ತಲೆ ಎತ್ತಿರಲಿಲ್ಲ. ಅವನು ಎಡಮೊಣಕೈಗೆ ಬಂದಿದ್ದ. ಅಲ್ಲಿ ಉಸಿರು ಬಿಡುವ ಮೊದಲು ಒಮ್ಮೆ ಆ ಉಬ್ಬಿನೊಳಗೆ ತನ್ನ ಅಂಗೈ ಇಟ್ಟ. ಆಮೇಲೆ ಉಸಿರು ಬಿಟ್ಟ. ಉಬ್ಬು ಹೋಯಿತು. ಅವನ ತೊಡೆಯ ಮೇಲೆ ಒಂದು ಚೀಲವಿತ್ತು.

"ಎಳೆಯ ತುದಿ ಕತ್ತಿನ ಹಿಂದಿದೆ" ಎಂದಳು ಮಾಳವ್ವ. ರಾಜ ಹುಡುಕಿ, ಗಂಟು ಬಿಚ್ಚಿ, ತುದಿಯನ್ನು ಅವಳ ಕೈಗೆ ಕೊಟ್ಟ.

ಅವನು ಬಿಚ್ಚುತ್ತಾ ಹೋದ, ಅವಳು ಹೆಣೆಯುತ್ತಾ ಹೋದಳು. ಕಾವಲುಗಾರರು ಹೊರಗಿನಿಂದ ಕಟ್ಟಿಗೆ ತಂದರು. ತಿಮ್ಮಜ್ಜಿ ಒಲೆ ಹಚ್ಚಿ ದೊಡ್ಡ ಹಂಡೆ ಏರಿಸಿದಳು. ಹೊಗೆಗೋ ಇನ್ನೇನಕ್ಕೋ ಅವಳ ಕಣ್ಣಲ್ಲಿ ನೀರು ಬಂತು. ಹೆಣಿಗೆ ಮುಗಿದಾಗ ರಾಜ ಪದುಮಿಗೆ ಅಂಗಿ ತೊಡಿಸಿ, ಎತ್ತಿಕೊಂಡು ಹೋಗಿ ಉಗಿಯ ಪಕ್ಕ ಕೂತ.

"ನಿನಗೆ ಚಳಿ ಎಲ್ಲಿ, ಮಗಳೇ?" ಎಂದು ಮಾಳವ್ವ ಕೇಳಿದಳು.

ಪದುಮಿ ಯೋಚಿಸಿ ಹೇಳಿದಳು: "ಬೆನ್ನಲ್ಲಿ. ನಿದ್ದೆಯಲ್ಲಿ ಹಿಂದಕ್ಕೆ ಸರಿದರೆ ಅಲ್ಲಿ ಯಾರೂ ಇರೋದಿಲ್ಲ."

ಮಾಳವ್ವ ಕೈ ಇಟ್ಟಳು. ನೂಲು ನಾಲ್ಕೂ ಕಡೆಯಿಂದ ಬೆನ್ನಿಗೆ ಬಂತು. ಬಂದು ಅಲ್ಲಿ ದಪ್ಪವಾಗಿ, ಉಳಿದ ಕಡೆ ಮೆತ್ತಗಾಗಿ, ಆ ಪುಟ್ಟ ಮೈಗೆ ಕೂಡಿತು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಇನ್ನೂ ಸ್ವಲ್ಪ ಹೊತ್ತಿಗೆ ತುಟಿಗೆ ಬಣ್ಣ ಬಂತು. ಪದುಮಿ ಎದ್ದು ಕೂತು, "ಕಂಕುಳಲ್ಲಿ ಚುಚ್ಚುತ್ತೆ" ಎಂದಳು.

"ಎಲ್ಲಿ? ಇಲ್ಲೇ?" ಎಂದು ರಾಜ ಗಾಬರಿಯಿಂದ ಹುಡುಕಿದ.

"ಚುಚ್ಚಲಿ ಬಿಡಿ ಪ್ರಭು" ಎಂದಳು ಮಾಳವ್ವ. "ಚುಚ್ಚುತ್ತೆ ಅನ್ನೋಷ್ಟು ಶಕ್ತಿ ಬಂತಲ್ಲ."

ಆಮೇಲೆ ಅವಳು ಒಣಕಲು ಮನುಷ್ಯನ ಮುಂದೆ ಹೋಗಿ ನಿಂತಳು. ಕಾವಲುಗಾರರು ಅವನನ್ನು ಕಂಬಕ್ಕೆ ಕಟ್ಟಿದ್ದರು.

"ನಿನಗೆ ಚಳಿ ಎಲ್ಲಿ?"

ಅವನು ಮುಖ ತಿರುಗಿಸಿದ. "ಚಿಕ್ಕವನಿದ್ದಾಗ ನಿನ್ನಂಥವಳೊಬ್ಬಳು ಇದನ್ನೇ ಕೇಳಿದಳು. ಎಲ್ಲರ ಎದುರು ಕೇಳಿದಳು. ನಾನು ಚಳಿಯೇ ಇಲ್ಲ ಅಂದೆ. ಅಂಗಿ ಕೂಡಲಿಲ್ಲ. ಎಲ್ಲರೂ ನಕ್ಕರು."

"ಈಗ ಹೇಳು."

"ಎಲ್ಲಾ ಕಡೆ" ಎಂದ ಮೊನೆಗಣ್ಣ.

ಮಾಳವ್ವ ರಾಜನ ಕಡೆ ತಿರುಗಿ, ಈತನನ್ನು ಮಂಜುಗುರಿಗಳು ಬರುವವರೆಗೆ ಒಲೆಯ ಪಕ್ಕ ಕಟ್ಟಿಹಾಕಿರಿ, ಹೊಸ ಉಣ್ಣೆ ಬಂದಾಗ ಇವನಿಗೂ ಒಂದು ಹೆಣೆಯುತ್ತೇನೆ ಎಂದಳು. ತಿಮ್ಮಜ್ಜಿ ಮಾತ್ರ, "ಸುಮ್ಮನೆ ಕೂರಿಸಿ ಬೇಯಿಸಿ ಹಾಕೋಕೆ ಇವನೇನು ಅಳಿಯನಾ?" ಎಂದು ಅವನ ಕೈಗೆ ಊದುಕೊಳವೆ ಕೊಟ್ಟಳು. ಅಂದಿನಿಂದ ಅರಮನೆಯ ಒಲೆ ಊದುವುದು ಅವನ ಕೆಲಸವಾಯಿತು.

ರಾಜ ಅರ್ಧ ರಾಜ್ಯದ ಮಾತು ಎತ್ತಿದ. "ಅರ್ಧ ರಾಜ್ಯಕ್ಕೆ ಅಂಗಿ ಹೆಣೆಯೋದೇ ಸಾಕಾಗುತ್ತೆ ಪ್ರಭು, ಅದರ ಮೇಲೆ ಆಳೋದು ಬೇರೆಯಾ?" ಎಂದಳು ಮಾಳವ್ವ. ಸಡಿಲಾದ ಅಂಗಿಗಳನ್ನೆಲ್ಲ ಅವರವರಿಗೆ ಮರಳಿಸಿ, ಮತ್ತೆ ಉಗಿಗೆ ನಿಲ್ಲಿಸಿ ಕೂಡಿಸುವ ಕೆಲಸ ಬಹಳವಿತ್ತು. ಎಲ್ಲ ಹಳ್ಳಿಗಳ ಹೆಣೆಯುವವರು ಬಂದು ಕೋಟೆಯ ಅಂಗಳದಲ್ಲಿ ಹಂಡೆ ಹೂಡಿದರು. ಗೂನು ಬೆನ್ನಿನವರು, ಗಿಡ್ಡನೆಯವರು, ಹೊಟ್ಟೆ ಬಂದವರು, ಬಸುರಿಯರು, ಎಲ್ಲರೂ ಸಾಲಿನಲ್ಲಿ ನಿಂತರು. ರಾಜನೂ ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ, ಚಳಿ ಎಲ್ಲಿ ಎಂದು ಕೇಳಿದಾಗ, ಎಡಗಡೆ ಎಂದು ಹೇಳಿದ. ನೂಲು ಎಡಗಡೆಗೆ ಸರಿಯಿತು.

ಮುಂದಿನ ಬೇಸಿಗೆಯಲ್ಲಿ ಮಂಜುಗುರಿಗಳು ಇಳಿದು ಬಂದವು. ರಾಜ ಹೆಣೆಯುವುದನ್ನು ಕಲಿತ. ಅವನ ಮೊದಲ ಕಾಲುಚೀಲದಲ್ಲಿ ಬೆರಳಿನ ಕಡೆ ಯಾವುದು, ಹಿಮ್ಮಡಿಯ ಕಡೆ ಯಾವುದು ಎಂದು ಪದುಮಿಗೆ ಗೊತ್ತಾಗಲಿಲ್ಲ. ಆದರೂ ಅವಳು ಅದನ್ನು ಹಾಕಿಕೊಂಡೇ ಆಡಲು ಹೋದಳು. ಮಾಳವ್ವ ತನ್ನ ಹಳ್ಳಿಗೆ ಮರಳಿ, ಹೊಸ ಅಂಗಿ ಹೆಣೆದುಕೊಂಡು, ಪಕ್ಕದ ಮನೆಯ ಕೂಸನ್ನು ಆಗಾಗ ಎತ್ತಿಕೊಳ್ಳುತ್ತಾ ಬಹುಕಾಲ ಬದುಕಿದಳು.

ಇಬ್ಬನಿಗಿರಿಯಲ್ಲಿ ಚಳಿ ಮೊದಲಿನಷ್ಟೇ ಇತ್ತು. ಆದರೆ ಆಮೇಲೆ ಅಲ್ಲಿ ಎಲ್ಲರ ಮನೆಯಲ್ಲೂ ಒಲೆ ಉರಿಯಿತು. ಎಲ್ಲರೂ ಬೆಚ್ಚಗೆ, ಸುಖವಾಗಿ ಬಾಳಿದರು.